ಪದ ಪರಿಚಯ: ಡಿಸ್‌ಅಗ್ರಿಗೇಸ್

ಒಡೆದ ಹಾಲನ್ನು ಮತ್ತೆ ಹಾಲು ಮಾಡಲು ಬರುವುದಿಲ್ಲ. ಜೀವಕೋಶದಲ್ಲಿ ಗಂಟುಗಟ್ಟಿದ ಪ್ರೊಟೀನುಗಳ ಗತಿಯೂ ಅಷ್ಟೇ, ಅವುಗಳನ್ನು ಚೂರುಮಾಡಿ ವಿಲೇವಾರಿ ಮಾಡಬಹುದೇ ಹೊರತು ಬಿಡಿಸಿ ಮತ್ತೆ ಕೆಲಸಕ್ಕೆ ಹಚ್ಚಲಾಗದು ಎಂದು ಜೀವರಸಾಯನ ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದ ಕಿಣ್ವಗಳಿಗೆ ಡಿಸ್‌ಅಗ್ರಿಗೇಸ್ ಎಂದು ಹೆಸರು. ‘ಅಗ್ರಿಗೇಟ್’ ಎಂದರೆ ಮುದ್ದೆ, ‘ಡಿಸ್’ ಎಂಬುದು ಅದನ್ನು ಬಿಡಿಸುವುದನ್ನು ಸೂಚಿಸುತ್ತದೆ, ಕೊನೆಯ ‘ಏಸ್’ ಕಿಣ್ವಗಳ ಹೆಸರಿಗೆ ಹತ್ತುವ ಪ್ರತ್ಯಯ. ಕನ್ನಡದಲ್ಲಿ ‘ಗಂಟುಬಿಡಿಸುವ ಕಿಣ್ವ’ ಎನ್ನಬಹುದಾದರೂ, ಈ ಅನುವಾದ ಎಲ್ಲಿ ಸಾಲದಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಇಂಥ ಕಿಣ್ವದ ಗುಣ ಮೊದಲು ಸ್ಪಷ್ಟವಾದದ್ದು ಯೀಸ್ಟಿನಲ್ಲಿ. (ಸಂಸ್ಕೃತದ ‘ಕಿಣ್ವ’ಕ್ಕೆ ಮೂಲದಲ್ಲಿ ಮದ್ಯವನ್ನು ಹುದುಗಿಸುವ ದ್ರವ್ಯ ಎಂದೇ ಅರ್ಥ, ಪದ ತವರಿಗೆ ಹೋಗಿಬಂದಂತಾಯಿತು.) ಅಮೆರಿಕದ ಸೂಸನ್ ಲಿಂಡ್‌ಕ್ವಿಸ್ಟ್ ಅವರ ತಂಡವು ಎಚ್‌ಎಸ್‌ಪಿ104 ಎಂಬ ಪ್ರೊಟೀನು ಇಲ್ಲದ ಯೀಸ್ಟ್ ವಿಪರೀತ ಶಾಖವನ್ನು ತಾಳಲಾರದು ಎಂಬುದನ್ನು 1990ರಲ್ಲಿಯೂ, ಅದೇ ಪ್ರೊಟೀನು ಶಾಖದಿಂದ ಗಂಟುಗಟ್ಟಿದ ಇತರ ಪ್ರೊಟೀನುಗಳನ್ನು ಬಿಡಿಸಿ ಚೇತರಿಸಿಕೊಳ್ಳುವಂತೆ ಮಾಡುತ್ತದೆ ಎಂಬುದನ್ನು 1994ರಲ್ಲಿಯೂ ತೋರಿಸಿತು. ಹೆಸರಿನಲ್ಲಿರುವ ಎಚ್‌ಎಸ್‌ಪಿ ಎಂದರೆ ‘ಹೀಟ್ ಶಾಕ್ ಪ್ರೊಟೀನ್’ (ಶಾಖಾಘಾತದ ಪ್ರೊಟೀನು), 104 ಅದರ ತೂಕ, ಅಣುತೂಕದ ಮಾನವಾದ ಕಿಲೋಡಾಲ್ಟನ್‌ಗಳಲ್ಲಿ. ಅದರ ಆರು ಪ್ರತಿಗಳು ಕೂಡಿ ಒಂದು ಬಳೆಯಾಗುತ್ತವೆ. ಈ ಬಳೆ ಜೀವಕೋಶದ ಇಂಧನವಾದ ಎಟಿಪಿ ಅಣುವನ್ನು ಒಡೆದು ಪಡೆದ ಶಕ್ತಿಯಿಂದ, ಮುದ್ದೆಯೊಳಗಿನ ಪ್ರೊಟೀನಿನ ಎಳೆಯೊಂದನ್ನು ಹಿಡಿದು ತನ್ನ ನಡುರಂಧ್ರದ ಮೂಲಕ ಎಳೆದುಬಿಡುತ್ತದೆ, ಆಮೇಲೆ ಆ ಎಳೆಗೆ ಸರಿಯಾಗಿ ಮಡಚಿಕೊಳ್ಳಲು ಇನ್ನೊಂದು ಅವಕಾಶ ಸಿಗುತ್ತದೆ.

ಮನುಷ್ಯರ ಜೀವಕೋಶಗಳಲ್ಲಿ ಎಚ್‌ಎಸ್‌ಪಿ104 ಇಲ್ಲ. ಅದರ ಬದಲಿಗೆ ಎಚ್‌ಎಸ್‌ಪಿ70, ತನ್ನ ಸಹಾಯಕರಾದ ಎಚ್‌ಎಸ್‌ಪಿ40 ಮತ್ತು ಎಚ್‌ಎಸ್‌ಪಿ110 ಜೊತೆಗೂಡಿ ಇದೇ ಕೆಲಸಕ್ಕೆ ಇಳಿಯುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ನರಕೋಶಗಳೊಳಗೆ ಶೇಖರವಾಗುವ ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೊಟೀನಿನ ನಾರುಗಳನ್ನು ಈ ಮೂವರ ಕೂಟ ಪ್ರನಾಳದಲ್ಲಿ ಬಿಡಿಬಿಡಿ ಅಣುಗಳವರೆಗೂ ಕಳಚಬಲ್ಲದು.

ಇಷ್ಟು ಓದಿದವರಿಗೆ, ಹಾಗಾದರೆ ಈ ಕಿಣ್ವವನ್ನು ಹೆಚ್ಚಿಸಿದರೆ ಕಾಯಿಲೆ ವಾಸಿಯಾಗಬೇಕಲ್ಲ ಎನ್ನಿಸುವುದು ಸಹಜ. ತೊಡಕಿರುವುದು ಇಲ್ಲಿಯೇ, ‘ಗಂಟುಬಿಡಿಸುವ ಕಿಣ್ವ’ ಎಂಬ ಅನುವಾದ ಸಾಲದಾಗುವುದೂ ಇಲ್ಲಿಯೇ. ನಾರನ್ನು ಪೂರ್ತಿ ಕಳಚುವುದು ಬೇರೆ, ನಡುವೆ ತುಂಡರಿಸಿ ಬಿಡುವುದು ಬೇರೆ. ಒಂದೊಂದು ತುಂಡೂ ಹೆಪ್ಪಿನಂತೆ ವರ್ತಿಸಿ, ಆರೋಗ್ಯವಾಗಿರುವ ಪ್ರೊಟೀನುಗಳನ್ನೂ ತನ್ನ ರೂಪಕ್ಕೆ ತಿರುಗಿಸಬಲ್ಲದು. ಯೀಸ್ಟಿನಲ್ಲಿರುವ ಒಂದು ಬಗೆಯ ಪ್ರಯಾನ್, ಅಂದರೆ ತಲೆಮಾರಿನಿಂದ ತಲೆಮಾರಿಗೆ ದಾಟುವ ಪ್ರೊಟೀನ್ ನಾರು, ಉಳಿದುಕೊಳ್ಳಲು ಎಚ್‌ಎಸ್‌ಪಿ104 ಬೇಕೇ ಬೇಕು ಎಂಬುದು 1995ರಲ್ಲೇ ಗೊತ್ತಾಗಿತ್ತು: ನಾರನ್ನು ತುಂಡರಿಸುವವರು ಇಲ್ಲದಿದ್ದರೆ ಮರಿಕೋಶಗಳಿಗೆ ಹೆಪ್ಪು ಸಾಲದು. ಸೀನೊರಾಬ್ಡೈಟಿಸ್ ಎಲೆಗಾನ್ಸ್ ಎಂಬ ಪುಟ್ಟ ಹುಳುವಿನ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೂ ಅದೇ ದಿಕ್ಕಿನದು. ಅಲ್ಲಿ ಎಚ್‌ಎಸ್‌ಪಿ110ಅನ್ನು ತಗ್ಗಿಸಿದಾಗ, ಆಲ್ಫಾ-ಸಿನ್ಯೂಕ್ಲೀನ್ ಒಂದು ಅಂಗಾಂಶದಿಂದ ಇನ್ನೊಂದಕ್ಕೆ ಹರಡುವುದೂ ಅದರ ವಿಷಪರಿಣಾಮವೂ ಹೆಚ್ಚುವ ಬದಲು ಕಡಿಮೆಯಾದವು.