ಸರಪಳಿಯ ಎರಡು ಕೊಂಡಿ ಅದಲುಬದಲಾದಾಗ

1982ರಲ್ಲಿ ಬ್ಯಾಕ್ಟೀರಿಯಾಗಳಿಂದ ತಯಾರಿಸಿದ ಮಾನವ ಇನ್ಸುಲಿನ್‌ಗೆ ಅನುಮತಿ ಸಿಕ್ಕಿತು. ಆದರೂ ಮಧುಮೇಹಿಗಳ ಒಂದು ಕಷ್ಟ ತಪ್ಪಲಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲೇ ಚುಚ್ಚಿಕೊಂಡು ಕಾಯಬೇಕು. ಊಟ ತಡವಾಯಿತೋ, ರಕ್ತದ ಸಕ್ಕರೆ ಕುಸಿಯುತ್ತದೆ. ಔಷಧಿ ದೇಹದ ಇನ್ಸುಲಿನ್ನಿನ ಯಥಾವತ್ ನಕಲೇ ಆಗಿತ್ತು, ತೊಡಕು ಇದ್ದದ್ದೂ ಅಲ್ಲೇ. ಸೀಸೆಯಲ್ಲಿ ಇನ್ಸುಲಿನ್ ಅಣುಗಳು ಆರಾರು ಸೇರಿ ಗುಂಪುಕಟ್ಟಿಕೊಂಡಿರುತ್ತವೆ; ಚರ್ಮದಡಿಯಲ್ಲಿ ಆ ಗುಂಪು ಬಿಡಿಸಿಕೊಳ್ಳುವವರೆಗೆ ರಕ್ತಕ್ಕೆ ಸೇರುವುದು ನಿಧಾನ.

ಎಲಿ ಲಿಲ್ಲಿ ಕಂಪನಿಯಲ್ಲಿದ್ದ ಜೀವರಸಾಯನ ವಿಜ್ಞಾನಿ ರಿಚರ್ಡ್ ಡಿಮಾರ್ಕಿ ಮತ್ತು ಸಂಗಡಿಗರು ಇದಕ್ಕೆ ಪರಿಹಾರ ಹುಡುಕಿದ್ದು ಇನ್ಸುಲಿನ್ನಿನ ದಾಯಾದಿಯಂತಿರುವ ಐಜಿಎಫ್-1 ಎಂಬ ಹಾರ್ಮೋನಿನಲ್ಲಿ. ಅದು ಹಾಗೆ ಗುಂಪುಕಟ್ಟುವುದಿಲ್ಲ. ಇನ್ಸುಲಿನ್ ಎಂದರೆ ಅಮೈನೊ ಆಮ್ಲಗಳೆಂಬ ಕೊಂಡಿಗಳಿಂದಾದ ಎರಡು ಸರಪಳಿ. ಅವುಗಳಲ್ಲೊಂದಾದ ಬಿ ಸರಪಳಿಯ 28 ಮತ್ತು 29ನೇ ಜಾಗಗಳಲ್ಲಿ ಪ್ರೋಲೀನ್, ಲೈಸೀನ್ ಎಂಬ ಅಮೈನೊ ಆಮ್ಲಗಳಿವೆ. ಐಜಿಎಫ್-1ರಲ್ಲಿ ಈ ಕ್ರಮ ತಿರುಗುಮುರುಗು. ಇನ್ಸುಲಿನ್ನಿನಲ್ಲೂ ಹಾಗೇ ಅದಲುಬದಲು ಮಾಡಿದರು. 51 ಅಮೈನೊ ಆಮ್ಲಗಳಲ್ಲಿ ಎರಡರ ಸ್ಥಾನಪಲ್ಲಟ, ಅಷ್ಟೇ. ಗುಂಪು ಬೇಗ ಬಿಡಿಸಿಕೊಂಡಿತು. ಹೀಗೆ ಹುಟ್ಟಿದ ಲಿಸ್‌ಪ್ರೊ ಇನ್ಸುಲಿನ್‌ಗೆ 1996ರಲ್ಲಿ ಅನುಮತಿ ದೊರೆಯಿತು. ಊಟಕ್ಕೆ ಕೂರುವ ಹೊತ್ತಿಗೆ ಚುಚ್ಚಿಕೊಂಡರೆ ಸಾಕಾಯಿತು. ಪ್ರಕೃತಿಯ ಹಾರ್ಮೋನನ್ನು ಔಷಧಿಗಾಗಿ ತಿದ್ದಬಹುದು ಎಂಬ ಧೈರ್ಯ ಬಂದದ್ದು ಇಲ್ಲಿಂದಲೇ ಎಂದು ನನಗನಿಸುತ್ತದೆ.

ಡಿಮಾರ್ಕಿ ಮುಂದೆ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿ, ಮಥಿಯಾಸ್ ಚೋಪ್ ಎಂಬ ವಿಜ್ಞಾನಿಯ ಜೊತೆ ಬೊಜ್ಜಿನತ್ತ ತಿರುಗಿದರು. ಕರುಳಿನ ಹಾರ್ಮೋನ್ ಜಿಎಲ್‌ಪಿ-1 ಹಸಿವು ತಗ್ಗಿಸುತ್ತದೆ ಎಂಬುದು ಆಗಲೇ ಗೊತ್ತಿತ್ತು. ಇವರು ಅದರ ಗುಣವನ್ನೂ ಗ್ಲುಕಗಾನ್ ಗುಣವನ್ನೂ ಒಂದೇ ಅಣುವಿನಲ್ಲಿ ಸೇರಿಸಿ 2009ರಲ್ಲಿ ಪ್ರಕಟಿಸಿದರು. ಗ್ಲುಕಗಾನ್ ಸಕ್ಕರೆ ಏರಿಸುವ ಹಾರ್ಮೋನು! ಅದನ್ನು ಇಂಥ ಔಷಧಿಗೆ ಬೆರೆಸುವುದು ಮೇಲುನೋಟಕ್ಕೆ ಅಸಂಬದ್ಧ. ಆದರೆ ಅದು ದೇಹದ ಶಕ್ತಿವ್ಯಯವನ್ನೂ ಹೆಚ್ಚಿಸುತ್ತದೆ. ಸಕ್ಕರೆಯ ಏರಿಕೆಗೆ ಜಿಎಲ್‌ಪಿ-1 ಕಡಿವಾಣ ಹಾಕುತ್ತದೆ. ಬೊಜ್ಜಿನ ಇಲಿಗಳ ತೂಕ ಇಳಿಯಿತು.

2013ರಲ್ಲಿ ಜಿಎಲ್‌ಪಿ-1ಕ್ಕೆ ಜಿಐಪಿ ಎಂಬ ಇನ್ನೊಂದು ಹಾರ್ಮೋನನ್ನು ಜೋಡಿಸಿದರು. ಜಿಐಪಿ ಕೊಬ್ಬು ಶೇಖರಣೆಗೆ ನೆರವಾಗುತ್ತದೆ, ಅದನ್ನು ತಡೆಯಬೇಕು ಎಂಬ ವಾದ ಬಲವಾಗಿದ್ದ ಕಾಲವದು. ಇದೇ ಜೋಡಿಯ ಮೇಲೆ ಕೆಲಸ ಮಾಡುವ ಟಿರ್ಜೆಪಟೈಡ್ ಎಂಬ ಔಷಧಿಯನ್ನು ಲಿಲ್ಲಿಯ ವಿಜ್ಞಾನಿಗಳು ಸ್ವತಂತ್ರವಾಗಿ ರೂಪಿಸಿದರು. ಅಮೆರಿಕದಲ್ಲಿ 2022ರಲ್ಲಿ ಮಧುಮೇಹಕ್ಕೆ, 2023ರಲ್ಲಿ ಬೊಜ್ಜಿಗೆ ಅದಕ್ಕೆ ಅನುಮತಿ ಸಿಕ್ಕಿತು. ಮಧುಮೇಹವಿಲ್ಲದ ಬೊಜ್ಜಿನವರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ, ಗರಿಷ್ಠ ಪ್ರಮಾಣ ಪಡೆದವರು 72 ವಾರಗಳಲ್ಲಿ ಸರಾಸರಿ ಶೇ 20ರಷ್ಟು ತೂಕ ಕಳೆದುಕೊಂಡರು. ವಾಕರಿಕೆ, ವಾಂತಿಯ ಕಾಟವೂ ಇದೆ. ನಿಲ್ಲಿಸಿದವರಲ್ಲಿ ತೂಕ ಮರಳುವುದೇ ಹೆಚ್ಚು.

ಜಿಐಪಿಯ ವಾದ ಮಾತ್ರ ಬಗೆಹರಿದಿಲ್ಲ. ಜಿಎಲ್‌ಪಿ-1 ಅನ್ನು ಪ್ರಚೋದಿಸಿ ಜಿಐಪಿಯನ್ನು ತಡೆಯುವ ಆಮ್ಜೆನ್ ಕಂಪನಿಯ ಪ್ರಯೋಗಾತ್ಮಕ ಔಷಧಿಯಿಂದಲೂ ತೂಕ ಇಳಿಯುತ್ತಿದೆ. ಪ್ರಚೋದಿಸಿದರೂ ತಡೆದರೂ ಪರಿಣಾಮ ಒಂದೇ ಏಕೆ ಎಂಬುದನ್ನು ಪ್ರಯೋಗಾಲಯಗಳು ಈಗಲೂ ಕೆದಕುತ್ತಿವೆ.