ಎತ್ತಿದ್ದು 20 ಕಿಲೋ, ಸೊಂಟ ಹೊತ್ತಿದ್ದು 400

ರೋಗಿಯನ್ನು ಸ್ಟ್ರೆಚರ್‌ನಿಂದ ಮಂಚಕ್ಕೆ ಸಾಗಿಸುವಾಗ ವಾರ್ಡ್ ಬಾಯ್ ತಲೆಯ ಕಡೆ ನಿಲ್ಲುತ್ತಾನೆ, ಇನ್ನೊಬ್ಬ ಕಾಲಿನ ಕಡೆ ನಿಲ್ಲುತ್ತಾನೆ, ಆಯಾ ಮಂಚದ ಆಚೆ ಬದಿಯಿಂದ ಮೈಚಾಚಿ ಬೆಡ್‌ಶೀಟಿನ ಅಂಚು ಹಿಡಿಯುತ್ತಾಳೆ. ‘ಒಂದು, ಎರಡು, ಮೂರು’ ಎನ್ನುತ್ತಲೇ 60 ಕಿಲೋ ತೂಕದ ದೇಹ ಮಂಚಕ್ಕೆ ಬರುತ್ತದೆ. ಮೂವರಿಗೂ ಸಮನಾಗಿ ಹಂಚಿದರೆ ತಲಾ 20 ಕಿಲೋ, ಅಂದರೆ ಒಂದು ಅಕ್ಕಿ ಚೀಲಕ್ಕಿಂತ ಕಡಿಮೆ. ಇಷ್ಟಕ್ಕೇ ಆಯಾಳ ಸೊಂಟ ಏಕೆ ಹಿಡಿದುಕೊಳ್ಳಬೇಕು?

ಉತ್ತರವಿರುವುದು ತೂಕದಲ್ಲಲ್ಲ, ದೂರದಲ್ಲಿ. ಬಾಗಿಲನ್ನು ಹಿಡಿಕೆಯ ಬಳಿ ತಳ್ಳಲು ಒಂದು ಬೆರಳು ಸಾಕು. ಬಿಜಾಗರಿಯ ಪಕ್ಕದಲ್ಲಿ ತಳ್ಳಿದರೆ ಅಂಗೈಯೂ ಸೋಲುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಅರ್ಧ ಮೈಲಿ ನಡೆಯುವವಳು, ಅದೇ ಕೊಡವನ್ನು ಕೈ ನೀಡಿ ಮುಂದಕ್ಕೆ ಹಿಡಿದು ಹತ್ತು ಹೆಜ್ಜೆ ಇಡಲಾರಳು. ಬೆನ್ನಿನಲ್ಲಿ ಬಿಜಾಗರಿಯ ಸ್ಥಾನದಲ್ಲಿರುವುದು ಕೆಳಸೊಂಟದ ಕಶೇರುಮಣಿಗಳ ನಡುವಿನ ಡಿಸ್ಕ್. ಮೈಯನ್ನು ನೆಟ್ಟಗೆ ಎಳೆದು ಹಿಡಿಯುವ ಸ್ನಾಯುಗಳು ಅದರಿಂದ ಸುಮಾರು 5 ಸೆಂಟಿಮೀಟರ್ ಹಿಂದಷ್ಟೇ ಹಾದುಹೋಗುತ್ತವೆ, ಆದರೆ ಆಯಾಳ ಕೈಗಳು ಅದರಿಂದ 50 ಸೆಂಟಿಮೀಟರ್ ಮುಂದಿರುತ್ತವೆ. ತಕ್ಕಡಿಯ ಒಂದು ತೋಳು ಇನ್ನೊಂದರ ಹತ್ತರಷ್ಟಾದ ಮೇಲೆ, 20 ಕಿಲೋ ಭಾರವನ್ನು ತೂಗಿಸಲು ಸ್ನಾಯುಗಳು 200 ಕಿಲೋ ಬಲದಿಂದ ಎಳೆಯಲೇಬೇಕು. ಬಾಗಿದಾಗ ಅವಳ ತಲೆ, ತೋಳು, ಎದೆಯ ಸ್ವಂತ ತೂಕವೂ ಮುಂದಕ್ಕೆ ಜೋತುಬೀಳುವುದರಿಂದ, ಅದಕ್ಕೂ ಸುಮಾರು ಅಷ್ಟೇ ಎಳೆತ ಬೇಕಾಗುತ್ತದೆ. ಒಟ್ಟು 400 ಕಿಲೋ ಸುಮಾರಿನ ಈ ಒತ್ತಡ ಬೀಳುವುದು ಬಿಸ್ಕತ್ತಿನಗಲದ ಒಂದು ಡಿಸ್ಕಿನ ಮೇಲೆ.

ಇದು ಹೊಸ ಲೆಕ್ಕವೂ ಅಲ್ಲ. ಇಟಲಿಯ ಜೊವಾನ್ನಿ ಬೊರೆಲ್ಲಿ ಪ್ರಾಣಿಗಳ ಚಲನೆಯನ್ನು ಸನ್ನೆಕೋಲಿನ ಗಣಿತದಿಂದ ವಿವರಿಸಿದ ಗ್ರಂಥ 1680ರಲ್ಲಿ, ಅವನು ತೀರಿಕೊಂಡ ಮರುವರ್ಷ, ರೋಮಿನಲ್ಲಿ ಅಚ್ಚಾಯಿತು. ಹೊತ್ತ ಭಾರಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಬಲವನ್ನು ಸ್ನಾಯುಗಳು ಹಾಕುತ್ತವೆ ಎಂದು ಅವನು ಚಿತ್ರ ಸಮೇತ ತೋರಿಸಿದ್ದ. ಡಿಸ್ಕಿನ ಮೇಲೆ 3400 ನ್ಯೂಟನ್, ಅಂದರೆ ಸುಮಾರು 350 ಕಿಲೋಗಿಂತ ಹೆಚ್ಚು ಒತ್ತಡ ಬೀಳದಿರಲಿ ಎಂಬ ಮಿತಿಯನ್ನು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಹಾಕಿಕೊಂಡಿದ್ದು ಅದಾಗಿ ಮೂರು ಶತಮಾನಗಳ ನಂತರ. ಅದರ ಸೂತ್ರದಂತೆ, ಎಲ್ಲವೂ ಅನುಕೂಲವಾಗಿದ್ದಾಗ ಪೆಟ್ಟಿಗೆಯೊಂದನ್ನು ಎತ್ತುವುದಕ್ಕೆ 23 ಕಿಲೋ ಮಿತಿ. ರೋಗಿಯಾದರೆ 16 ಕಿಲೋ ಮಾತ್ರ, ಏಕೆಂದರೆ ಪೆಟ್ಟಿಗೆ ನರಳಿ ಹೊರಳುವುದಿಲ್ಲ, ಗಾಬರಿಯಾಗಿ ಎತ್ತುವವರ ಕುತ್ತಿಗೆಗೆ ಜೋತುಬೀಳುವುದಿಲ್ಲ.

ನಮ್ಮಲ್ಲಿ ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವ ರೂಢಿ ಇನ್ನೂ ಕೆಲವೆಡೆ ಇದೆ. ಅದನ್ನು ಕಂಡು ನಗುವ ವಿದ್ಯಾವಂತರು ಮೆಡಿಕಲ್ ಶಾಪಿನ ಸೊಂಟದ ಬೆಲ್ಟಿನ ಮೇಲೆ ಇಟ್ಟಿರುವ ನಂಬಿಕೆಯೂ ಸಡಿಲವಾದದ್ದೇ: ಕೆಲಸದಲ್ಲಿ ಬೆಲ್ಟ್ ಧರಿಸುವುದರಿಂದ ಬೆನ್ನುನೋವು ಬಾರದಂತೆ ತಡೆಯಬಹುದು ಎಂಬುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ‘ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಡಿ’ ಎಂಬ ತರಬೇತಿಯೊಂದರಿಂದಲೇ ನೋವು ಕಡಿಮೆಯಾಗಿದ್ದೂ ಕಂಡುಬಂದಿಲ್ಲ. ಮಂಡಿ ಬಗ್ಗಿಸಿದವಳ ಮುಂದೆ ಮಂಚದ ಅಗಲ ಹಾಗೆಯೇ ಇರುತ್ತದಲ್ಲ!

ಹಾಗಾಗಿ ಎತ್ತುವುದನ್ನೇ ತಪ್ಪಿಸುವುದು ಉತ್ತಮ. ಮಂಚ ಮತ್ತು ಸ್ಟ್ರೆಚರ್ ಒಂದೇ ಮಟ್ಟದಲ್ಲಿದ್ದು, ರೋಗಿಯ ಅಡಿಯಲ್ಲಿ ನುಣುಪಾದ ನೈಲಾನ್ ಜಾರುಹಾಳೆ ಇದ್ದರೆ, ದೇಹವನ್ನು ಮೇಲೆತ್ತದೆ ಅಡ್ಡಲಾಗಿ ಸರಿಸಬಹುದು. ಘರ್ಷಣೆ ಕಡಿಮೆಯಾಗಿ ರೋಗಿಯ ಚರ್ಮವೂ ಉಜ್ಜುವುದಿಲ್ಲ.

ಇದಾವುದೂ ಇಲ್ಲದ ವಾರ್ಡೊಂದರಲ್ಲಿ, ನನ್ನ ತಾಯಿಯನ್ನು ಮಗ್ಗುಲು ಬದಲಿಸಲು ಬರುತ್ತಿದ್ದ ಹಿರಿಯ ಆಯಾ ಒಬ್ಬರು ಮೊದಲು ಚಪ್ಪಲಿ ಬಿಟ್ಟು, ಸೀರೆ ಸ್ವಲ್ಪ ಮೇಲಕ್ಕೆ ಸಿಕ್ಕಿಸಿ, ಒಂದು ಮಂಡಿಯನ್ನು ಮಂಚದ ಅಂಚಿನ ಮೇಲೆ ಊರುತ್ತಿದ್ದರು. ‘ಮಂಚದ ಮೇಲೆ ಹತ್ತಬೇಡ್ರಮ್ಮ’ ಎಂದು ನರ್ಸ್ ಗದರಿದರೂ ಬಿಡುತ್ತಿರಲಿಲ್ಲ. ಆ ಮಂಡಿಯಿಂದಾಗಿ ಕೈಗೂ ಸೊಂಟಕ್ಕೂ ನಡುವಿನ 50 ಸೆಂಟಿಮೀಟರ್ 30ಕ್ಕೆ ಇಳಿಯಿತೆಂದುಕೊಳ್ಳಿ. 20 ಕಿಲೋ ಭಾರಕ್ಕೆ ಬೇಕಿದ್ದ 200 ಕಿಲೋ ಎಳೆತ 120ಕ್ಕೆ ಇಳಿಯುತ್ತದೆ.