ಪರೀಕ್ಷೆಗೆ ಹೋಗುವುದು ಮಗುವಿನ ಜೀವಕೋಶವಲ್ಲ

ಐದನೇ ದಿನದ ಭ್ರೂಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀರು ತುಂಬಿದ ಪುಟ್ಟ ಗುಳ್ಳೆಯ ಹಾಗಿರುತ್ತದೆ. ಅದರಲ್ಲಿ ನೂರು ಚಿಲ್ಲರೆ ಜೀವಕೋಶಗಳು. ಒಂದು ಗಾಜಿನ ಕೊಳವೆ ಮೆಲ್ಲಗೆ ಹೀರಿ ಅದನ್ನು ಅಲುಗಾಡದಂತೆ ಹಿಡಿದುಕೊಳ್ಳುತ್ತದೆ. ಹೊದಿಕೆಗೆ ಲೇಸರ್‌ನಿಂದ ಕಿಂಡಿ ಕೊರೆಯುತ್ತಾರೆ. ಇನ್ನೊಂದು ಕೊಳವೆ ಐದಾರು ಜೀವಕೋಶಗಳನ್ನು ಹಿಡಿದು ಎಳೆಯುತ್ತದೆ. ಅವು ಸುಲಭಕ್ಕೆ ಬಿಡುವುದಿಲ್ಲ, ಅಂಟಿನ ಹಾಗೆ ಉದ್ದಕ್ಕೆ ಜಗ್ಗುತ್ತವೆ. ಲೇಸರ್ ಎರಡು ಮೂರು ಸಲ ಮಿನುಗುತ್ತದೆ, ತುಂಡು ಕಳಚಿಕೊಳ್ಳುತ್ತದೆ. ಗುಳ್ಳೆ ಗಾಳಿ ಹೋದ ಚೆಂಡಿನಂತೆ ಕುಗ್ಗುತ್ತದೆ. ಅದನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟು ವರದಿಗೆ ಕಾಯುತ್ತಾರೆ.

ಐವಿಎಫ್‌ನಲ್ಲಿ (ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆಯಲ್ಲಿ) ಭ್ರೂಣದ ವಂಶವಾಹಿ ಪರೀಕ್ಷೆ ಅಂದರೆ ಇದೇ. ಇದರಲ್ಲಿ ನನಗೆ ತುಂಬಾ ಇಷ್ಟವಾದ, ಆದರೆ ಜನ ಗಮನಿಸದೇ ದಾಟಿಬಿಡುವ ಸಂಗತಿ ಒಂದಿದೆ. ಕಿತ್ತ ಆ ಐದಾರು ಜೀವಕೋಶಗಳು ಮಗುವಾಗುವ ಜೀವಕೋಶಗಳಲ್ಲ. ಗುಳ್ಳೆಯ ಒಳಗೆ ಒಂದು ಬದಿಗೆ ಒತ್ತಿಕೊಂಡಿರುವ ಚಿಕ್ಕ ಗುಂಪಿನಿಂದ ಮಗು ಬೆಳೆಯುತ್ತದೆ. ಆ ಗುಂಪನ್ನು ಯಾರೂ ಮುಟ್ಟುವುದಿಲ್ಲ. ಕೀಳುವುದು ಹೊರಗೋಡೆಯಿಂದ. ಆ ಹೊರಗೋಡೆ ಮುಂದೆ ಮಾಸು ಆಗುತ್ತದೆ. ಹೆರಿಗೆಯಾದ ಮೇಲೆ ಹೊರಗೆ ಬೀಳುತ್ತದಲ್ಲ, ಅದೇ ಮಾಸು. ಅಂದರೆ ಪಕ್ಕದ ಮನೆಯವರನ್ನು ವಿಚಾರಿಸಿ ಈ ಮನೆಯ ಸಮಾಚಾರ ತಿಳಿಯುವ ಕೆಲಸ ಇದು.

ಹೊರಗೋಡೆಯಿಂದ ತೆಗೆಯುವ ಉಪಾಯ ಹಳೆಯದು. 1968ರಲ್ಲಿ ರಾಬರ್ಟ್ ಎಡ್ವರ್ಡ್ಸ್ ಮತ್ತು ರಿಚರ್ಡ್ ಗಾರ್ಡ್ನರ್ ಎಂಬ ವಿಜ್ಞಾನಿಗಳು ಮೊಲದ ಭ್ರೂಣದ ಹೊರಪದರದಿಂದ ಚೂರು ತೆಗೆದು, ಅದು ಗಂಡೋ ಹೆಣ್ಣೋ ಎಂದು ನೋಡಿದರು. ಭ್ರೂಣಗಳನ್ನು ಮತ್ತೆ ಮೊಲದ ಗರ್ಭಕೋಶಕ್ಕೆ ಸೇರಿಸಿದರು. ಹುಟ್ಟಿದ ಮರಿಗಳಲ್ಲಿ ಅವರ ಲೆಕ್ಕ ಸರಿಯಾಗಿತ್ತು. ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25ಕ್ಕೆ. ಅದರ ಹಿಂದಿದ್ದವರೂ ಇದೇ ಎಡ್ವರ್ಡ್ಸ್. ಭ್ರೂಣದ ಪರೀಕ್ಷೆ ಪ್ರನಾಳ ಶಿಶುವಿಗಿಂತ ಹತ್ತು ವರ್ಷ ಮೊದಲೇ ಬಂದಿತ್ತು ಎಂದು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

ಮನುಷ್ಯರಲ್ಲಿ ಇದು ಕೈಗೂಡಿದ್ದು 1990ರಲ್ಲಿ, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ. ಅಲನ್ ಹ್ಯಾಂಡಿಸೈಡ್, ರಾಬರ್ಟ್ ವಿನ್‌ಸ್ಟನ್ ಮತ್ತು ಸಂಗಡಿಗರು ಗಂಡುಮಕ್ಕಳನ್ನು ಮಾತ್ರ ಕಾಡುವ ಕಾಯಿಲೆಗಳಿದ್ದ ಕುಟುಂಬಗಳಿಗಾಗಿ ಹೆಣ್ಣು ಭ್ರೂಣಗಳನ್ನು ಆರಿಸಿದರು. ಆಗ ಮೂರನೇ ದಿನದ ಭ್ರೂಣದಿಂದ ಒಂದೇ ಒಂದು ಜೀವಕೋಶ ತೆಗೆಯುತ್ತಿದ್ದರು. ಆ ವಯಸ್ಸಿನಲ್ಲಿ ಭ್ರೂಣಕ್ಕೆ ಇರುವುದೇ ಆರರಿಂದ ಎಂಟು ಜೀವಕೋಶ. ಎಂಟರಲ್ಲಿ ಒಂದು ಹೋದರೆ ಸಣ್ಣ ನಷ್ಟವಲ್ಲ. ಇದೇ ವಿಧಾನದಲ್ಲಿ ವರ್ಣತಂತುಗಳನ್ನು (ವಂಶವಾಹಿಗಳನ್ನು ಹೊತ್ತ ಎಳೆಗಳನ್ನು) ಎಣಿಸಿ ಭ್ರೂಣ ಆರಿಸಿದರೆ ಲಾಭವಿದೆಯೇ ಎಂದು ನೆದರ್‌ಲೆಂಡ್ಸ್‌ನಲ್ಲಿ 35ರಿಂದ 41 ವರ್ಷದ ಹೆಂಗಸರಲ್ಲಿ ನೋಡಿದರು. 2007ರಲ್ಲಿ ಫಲಿತಾಂಶ ಬಂತು. ಪರೀಕ್ಷೆ ಮಾಡಿಸದವರಲ್ಲಿ ಶೇಕಡಾ 37ರಷ್ಟು ಜನರಿಗೆ ಬಸಿರು ನಿಂತಿತ್ತು, ಮಾಡಿಸಿದವರಲ್ಲಿ ಶೇಕಡಾ 25. ಒಳ್ಳೆಯದಾಗಲಿ ಎಂದು ಮಾಡಿದ್ದು ಬಸಿರನ್ನೇ ಕಡಿಮೆ ಮಾಡಿತ್ತು.

ಈಗ ಐದನೇ ದಿನಕ್ಕೆ ಬಂದಿದ್ದೇವೆ, ಪರೀಕ್ಷೆಯೂ ಚುರುಕಾಗಿದೆ. ಆದರೆ ಪಕ್ಕದ ಮನೆಯ ಸಾಕ್ಷಿ ಎಷ್ಟು ನಂಬಬಹುದು? ಇದು ಗೊತ್ತಾಗಬೇಕಾದರೆ ವರ್ಣತಂತುಗಳ ಎಣಿಕೆ ಎಲ್ಲಿ ತಪ್ಪುತ್ತದೆ ಎಂದು ನೋಡಬೇಕು.

ಒಂದು ತಪ್ಪು ಅಂಡಾಣುವಿನಲ್ಲೇ ಆಗುತ್ತದೆ. ಹೆಣ್ಣುಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳು ವರ್ಣತಂತು ಹಂಚುವ ಕೆಲಸ ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿಬಿಡುತ್ತವೆ. ಉಳಿದರ್ಧ ಮುಂದುವರಿಯುವುದು ಹದಿನೈದು, ಮೂವತ್ತು, ನಲವತ್ತು ವರ್ಷ ಬಿಟ್ಟು. ಅಲ್ಲಿಯವರೆಗೆ ವರ್ಣತಂತುಗಳನ್ನು ಜೋಡಿಯಾಗಿ ಕಟ್ಟಿಟ್ಟಿರುವುದು ಕೊಹೆಸಿನ್ ಎಂಬ ಪ್ರೋಟೀನಿನ ಉಂಗುರಗಳು. ವರ್ಷ ಕಳೆದಂತೆ ಅವು ಸವೆಯುತ್ತವೆ. ಹಳೇ ಹಗ್ಗದ ಕಟ್ಟು ಸಡಿಲವಾದಂತೆ ಜೋಡಿ ಬಿಚ್ಚಿಕೊಂಡು, ಒಂದು ಕಡೆಗೆ ಎರಡು, ಇನ್ನೊಂದು ಕಡೆಗೆ ಸೊನ್ನೆ ಹೋಗಿಬಿಡುತ್ತವೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ವರ್ಣತಂತುಗಳ ಏರುಪೇರೇ ಕಾರಣ. ಹೀಗಿರುವಾಗ ಭಾರ ಎತ್ತಿದ್ದಕ್ಕೆ ಹೋಯಿತು, ಯಾರದೋ ಕಣ್ಣು ಬಿತ್ತು, ಪಾಪದ ಫಲ ಎಂದು ಆ ಹೆಂಗಸಿನ ಮೇಲೆ ಹೊರಿಸುವುದನ್ನು ಕೇಳಿದಾಗ ಹೊಟ್ಟೆ ಉರಿಯುತ್ತದೆ.

ಇನ್ನೊಂದು ತಪ್ಪು ಆಮೇಲೆ ಆಗುತ್ತದೆ. ಮೊದಲ ಎರಡು ಮೂರು ದಿನ ಭ್ರೂಣದ ಸ್ವಂತ ವಂಶವಾಹಿಗಳು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತವೆ. ಅಂಡಾಣು ಕೂಡಿಟ್ಟ ಸಾಮಾನಿನಲ್ಲೇ ಅದು ಒಡೆದು ಎರಡಾಗಿ, ನಾಲ್ಕಾಗಿ ಹೋಗುತ್ತದೆ. ತಪಾಸಣೆ ಸಡಿಲ. ಆಗ ಒಂದು ಜೀವಕೋಶ ಎಣಿಕೆ ತಪ್ಪಿದರೆ ಅದರ ಮಕ್ಕಳು ಮರಿಮಕ್ಕಳು ಮಾತ್ರ ತಪ್ಪಾಗಿರುತ್ತವೆ, ಉಳಿದವು ಸರಿಯಾಗೇ ಇರುತ್ತವೆ. ಇಂಥದ್ದಕ್ಕೆ ಮೊಸಾಯಿಕ್ ಭ್ರೂಣ ಎನ್ನುತ್ತಾರೆ.

ಮೊದಲನೆಯದು ಅಚ್ಚಿನ ಮೊಳೆಯಲ್ಲೇ ಇರುವ ತಪ್ಪು, ಎಲ್ಲ ಪ್ರತಿಯಲ್ಲೂ ಬರುತ್ತದೆ. ಎರಡನೆಯದು ನಾಲ್ಕು ಪ್ರತಿಗೆ ಮೆತ್ತಿದ ಮಸಿ. ಮೊದಲನೆಯದು ಬೀಜದ ದೋಷ, ಎರಡನೆಯದು ಒಂದು ಕೊಂಬೆಯ ರೋಗ. ಇಡೀ ಬಟ್ಟೆ ಒಂದೇ ನೂಲಿನದಾದರೆ ಅಂಚಿನಿಂದ ನಾಲ್ಕು ಎಳೆ ಕಿತ್ತರೂ ಸಾಕು, ನಡುವಿನ ನೂಲೂ ಗೊತ್ತಾಗುತ್ತದೆ. ನಡುನಡುವೆ ಬೇರೆ ನೂಲು ಸೇರಿದ್ದರೆ ಅಂಚು ನೋಡಿ ಹೇಳುವುದು ಹೇಗೆ? ಹೊರಗೋಡೆಯಲ್ಲಿ ತಪ್ಪಿದ್ದು ಒಳಗಿನ ಗುಂಪು ಚೊಕ್ಕವಾಗಿರಬಹುದು. ತಿರುಗಾಮುರುಗಾ ಕೂಡ ಆಗಬಹುದು. ಮಗು ಸರಿಯಿದ್ದು ಮಾಸಿನಲ್ಲಿ ಮಾತ್ರ ಏರುಪೇರು ಇರಬಹುದು ಎಂದು 1983ರಲ್ಲೇ ತೋರಿಸಿದ್ದರು. 2015ರಲ್ಲಿ ಇಟಲಿಯ ವೈದ್ಯರು ಬೇರೆ ಭ್ರೂಣವೇ ಇಲ್ಲದ 18 ಹೆಂಗಸರಿಗೆ ಮೊಸಾಯಿಕ್ ಎಂದು ವರದಿ ಬಂದ ಭ್ರೂಣಗಳನ್ನು ಇಟ್ಟರು. ಆರು ಆರೋಗ್ಯವಂತ ಮಕ್ಕಳು ಹುಟ್ಟಿದವು. ಅದಕ್ಕೂ ಮೊದಲು ಇಂಥ ಎಷ್ಟು ಭ್ರೂಣಗಳನ್ನು ಸುಮ್ನೆ ಪಕ್ಕಕ್ಕಿಟ್ಟಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ತಂದೆತಾಯಿಯಿಂದ ಬರುವ ಒಂದೇ ವಂಶವಾಹಿಯ ಕಾಯಿಲೆಗಳಲ್ಲಿ ಈ ಪರೀಕ್ಷೆ ಏಕೆ ಅಷ್ಟು ಗಟ್ಟಿ ಎಂಬುದೂ ಇಲ್ಲೇ ಇದೆ. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ನೋಡಿ. ತಂದೆತಾಯಿ ಇಬ್ಬರೂ ವಾಹಕರಾದರೆ, ಅಂದರೆ ತಮಗೆ ಕಾಯಿಲೆಯಿಲ್ಲದೆ ಅದರ ವಂಶವಾಹಿ ಹೊತ್ತವರಾದರೆ, ಪ್ರತಿ ಭ್ರೂಣಕ್ಕೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಬಂದರೆ ಅದು ಒಳಗೆ ಹೊರಗೆ ಎಲ್ಲ ಜೀವಕೋಶದಲ್ಲೂ ಇರುತ್ತದೆ, ಅಚ್ಚಿನ ಮೊಳೆಯ ತಪ್ಪಲ್ವಾ. ಅಲ್ಲಿ ಪಕ್ಕದ ಮನೆಯ ಸಾಕ್ಷಿ ಸಾಕು. ಕಷ್ಟ ಇರುವುದು ಡಿಎನ್‌ಎ ಪ್ರಮಾಣದಲ್ಲಿ. ಒಂದು ಜೀವಕೋಶದಲ್ಲಿರುವುದು ಸುಮಾರು 6 ಪಿಕೋಗ್ರಾಂ. ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅದನ್ನು ಪ್ರತಿ ಮಾಡಿ ಮಾಡಿ ಹೆಚ್ಚಿಸುವಾಗ ತಂದೆಯದೋ ತಾಯಿಯದೋ ಪ್ರತಿ ಬಿಟ್ಟುಹೋಗಬಹುದು. ಅದಕ್ಕೇ ಆ ವಂಶವಾಹಿಯ ಅಕ್ಕಪಕ್ಕದ ಗುರುತುಗಳನ್ನೂ ಸೇರಿಸಿ ಓದುತ್ತಾರೆ.

ವರ್ಣತಂತು ಎಣಿಕೆಯ ಕತೆ ಬೇರೆ. ಚೀನಾದಲ್ಲಿ ಒಳ್ಳೆಯ ಭ್ರೂಣಗಳಿದ್ದ 1,212 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದ ಫಲಿತಾಂಶ 2021ರಲ್ಲಿ ಬಂತು. ಪರೀಕ್ಷೆ ಮಾಡಿಸಿದವರಲ್ಲಿ ಶೇಕಡಾ 77.2, ಮಾಡಿಸದವರಲ್ಲಿ 81.8 ಜನಕ್ಕೆ ಮಕ್ಕಳಾದವು. ಪರೀಕ್ಷೆ ಭ್ರೂಣವನ್ನು ಸರಿಪಡಿಸುವುದಿಲ್ಲ, ಇರುವುದರಲ್ಲಿ ಆರಿಸುತ್ತದೆ ಅಷ್ಟೇ. ಇದೊಂದು ಮಾತು ಗೊತ್ತಿದ್ದರೆ ಬೇಕಾದ ಹಾಗೆ ಮಗು ಮಾಡಿಸುವ ಮಾತಿಗೆ ಅರ್ಧ ಜೀವ ಹೋಗುತ್ತದೆ. ಎತ್ತರದಂಥ ಗುಣಕ್ಕೆ ಸಾವಿರಾರು ವಂಶವಾಹಿಗಳು ಕೈ ಹಾಕಿರುತ್ತವೆ. ಹತ್ತು ಭ್ರೂಣಗಳಲ್ಲಿ ಅತಿ ಎತ್ತರದ್ದೆಂದು ಲೆಕ್ಕ ಹಾಕಿ ಆರಿಸಿದರೂ ಸರಾಸರಿ ಸಿಗುವುದು ಸುಮಾರು 2.5 ಸೆಂಟಿಮೀಟರ್ ಎಂದು 2019ರ ಅಧ್ಯಯನ ತೋರಿಸಿತು.

ಇನ್ನು ಮೊಸಾಯಿಕ್ ಭ್ರೂಣವನ್ನು ಇಟ್ಟು ಬಸಿರು ನಿಂತರೆ, ವೈದ್ಯರು 15 ವಾರ ಕಳೆದ ಮೇಲೆ ಗರ್ಭದ ನೀರು ತೆಗೆದು ಪರೀಕ್ಷಿಸಲು ಹೇಳುತ್ತಾರೆ. ಆ ನೀರಿನಲ್ಲಿ ಮಗುವಿನ ಚರ್ಮದಿಂದ, ಮೂತ್ರನಾಳದಿಂದ ಉದುರಿದ ಜೀವಕೋಶಗಳು ತೇಲುತ್ತಿರುತ್ತವೆ. ಮಗುವಿನದೇ ಜೀವಕೋಶ ಪರೀಕ್ಷೆಗೆ ಹೋಗುವುದು ಆಗಲೇ.